ಸಹಾಯ ಬೇಕು: ದೊಡ್ಡ ಮಚ್ಚೆ ತೆಗೆಸಿದವರು ಕಲೆ ಕಡಿಮೆಯಾಗಲು ಏನು ಮಾಡಿದಿರಿ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಎಡಭುಜದ ಹಿಂದೆ ಹುಟ್ಟಿನಿಂದಲೇ ಅಂಗೈ ಅಗಲದ ಕಪ್ಪು ಮಚ್ಚೆಯಿದೆ. ಮೇಲೆಲ್ಲ ಒರಟು ಕೂದಲು, ಒಂದು ಅಂಚಿನಲ್ಲಿ ಬೆರಳಿಗೆ ತಾಗುವ ಸಣ್ಣ ಗಂಟು. ಗಂಟಿನ ಬಯಾಪ್ಸಿ ಆಗಿದೆ, ಕ್ಯಾನ್ಸರ್ ಅಲ್ಲ. ಆದರೂ ತೆಗೆಸಲು ತೀರ್ಮಾನಿಸಿದ್ದೇವೆ. ಈಗಿನ ಚಿಂತೆ ಉಳಿಯುವ ಕಲೆಯದು.

ಪ್ಲಾಸ್ಟಿಕ್ ಸರ್ಜನ್ ಎರಡು ದಾರಿ ಹೇಳಿದ್ದಾರೆ. ಒಂದು, ಮಚ್ಚೆಯ ನಡುಭಾಗವನ್ನಷ್ಟೇ ಕತ್ತರಿಸಿ ಹೊಲಿದು, ಚರ್ಮ ಸಡಿಲವಾಗಲು ಕೆಲವು ತಿಂಗಳು ಬಿಟ್ಟು, ಹಳೆಯ ಕಲೆಯನ್ನೂ ಸೇರಿಸಿ ಮತ್ತೆ ಕತ್ತರಿಸುವುದು. ಮೂರು ಸಲವಾದರೂ ಬೇಕಾಗಬಹುದಂತೆ. ಇನ್ನೊಂದು, ಪಕ್ಕದ ಒಳ್ಳೆಯ ಚರ್ಮದಡಿ ಸಿಲಿಕೋನ್ ಬಲೂನ್ ಇಟ್ಟು, ವಾರವಾರ ಸಲೈನ್ ತುಂಬಿಸಿ, ಹಿಗ್ಗಿದ ಚರ್ಮವನ್ನು ಎಳೆದು ಮುಚ್ಚುವುದು. ಸೂಜಿ ಕಂಡರೆ ಮಂಚದಡಿ ಸೇರುವ ಹುಡುಗಿಗೆ ವಾರವಾರ ಸೂಜಿ! ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತಿದೆ. ಆದರೆ ಭುಜದ ಚರ್ಮ ಸದಾ ಎಳೆದಾಡುವುದರಿಂದ ಕಲೆ ಅಗಲವಾಗುವ ಭಯವಿದೆ. ಸಾಲದ್ದಕ್ಕೆ ನನ್ನ ಎದೆಯ ಮೇಲೆ ಮೊಡವೆಯಿಂದಾದ ಕೀಲಾಯ್ಡ್ (ಗಾಯದ ಅಂಚನ್ನೂ ಮೀರಿ ಉಬ್ಬಿ ಬೆಳೆಯುವ ಕಲೆ) ಇದೆ. ಅದನ್ನು ವೈದ್ಯರಿಗೂ ತಿಳಿಸಿದ್ದೇನೆ.

ಇವುಗಳಲ್ಲಿ ಯಾವುದನ್ನಾದರೂ ಮಾಡಿಸಿದವರು ದಯವಿಟ್ಟು ಹೇಳಿ: ವರ್ಷದ ನಂತರ ಕಲೆ ಹೇಗಿದೆ? ಕಲೆ ಉಬ್ಬದಿರಲೆಂದು ಮೇಲೆ ಅಂಟಿಸುವ ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಅಂಟಿಸಿರಬೇಕಂತೆ, ಬೆವರಿದರೂ ನಿಲ್ಲುತ್ತದೆಯೇ? ಮಗುವನ್ನು ಓಟ, ಜಿಗಿತಗಳಿಂದ ಎಷ್ಟು ವಾರ ತಡೆದಿರಿ, ಹೇಗೆ ತಡೆದಿರಿ? ಎಣ್ಣೆ, ಲೇಪಗಳ ಸಲಹೆ ಮಾತ್ರ ಬೇಡ, ಬಂಧುಗಳಿಂದ ಧಾರಾಳವಾಗಿ ಸಿಕ್ಕಿದೆ. ಸೋಮವಾರ ಮತ್ತೆ ವೈದ್ಯರನ್ನು ಕಾಣಬೇಕು.