ಕೈ ಹೋಗದ ಜಾಗದ ಹೋಸ್ ಕ್ಲಿಪ್: ಬಾಗುವ ಡ್ರೈವರ್ ಸಾಕೋ, ಜಾಯಿಂಟ್ ಹಾಕಬೇಕೋ?

ಪಾನಾಪೆಟ್ಟಿಗೆ:
ಕಾರಿನ ಹೀಟರ್ ಹೋಸ್ ಬದಲಿಸಬೇಕು. ಅದನ್ನ ಪೈಪಿಗೆ ಬಿಗಿಯೋ ಕ್ಲಿಪ್ ಇರೋದು ಎಂಜಿನ್ ಹಿಂದೆ, ಫೈರ್‌ವಾಲ್ (ಎಂಜಿನ್‌ಗೂ ಕಾರಿನ ಒಳಗಿಗೂ ನಡುವಿನ ತಗಡಿನ ಗೋಡೆ) ಕಡೆ. ಸ್ಕ್ರೂ ತಲೆ 7 ಎಂಎಂ ಹೆಕ್ಸ್, ಮಧ್ಯೆ ಸೀಳೂ ಇದೆ. ನೇರ ಸ್ಕ್ರೂಡ್ರೈವರ್‌ಗೆ ಮ್ಯಾನಿಫೋಲ್ಡ್ ಅಡ್ಡ. ಅದರ ಕೆಳಗೇ ಪೈಪ್ ಬ್ರಾಕೆಟ್‌ನ ಎಂ6 ಬೋಲ್ಟ್, 10 ಎಂಎಂ ತಲೆ. ಬಾಗುವ ಶಾಫ್ಟಿನ ನಟ್ ಡ್ರೈವರ್, ಕಾಲು ಇಂಚು ಡ್ರೈವ್‌ನ ಯೂನಿವರ್ಸಲ್ ಜಾಯಿಂಟ್ (ಸಾಕೆಟ್ಟನ್ನ ಓರೆಯಾಗಿ ತಿರುಗಿಸೋಕೆ ನಡುವೆ ಹಾಕೋ ಕೀಲು), ತಲೆ ಮಡಚುವ ರಾಚೆಟ್ (ಹಿಂದೆ ಮುಂದೆ ಆಡಿಸಿದ್ರೆ ಒಂದೇ ಕಡೆಗೆ ತಿರುಗಿಸೋ ಹಿಡಿ), ಮೂರೂ ನೋಡಿದೆ. ಒಂದೇ ಕೊಳ್ಳೋದಾದರೆ ಯಾವುದು?

ತುಕ್ಕುವೈರಿ:
ಒಂದರಲ್ಲೇ ಎರಡೂ ಕೆಲಸ ಆಗಲ್ಲ. ಕ್ಲಿಪ್‌ಗೆ ಬಾಗುವ ಡ್ರೈವರೇ ಸರಿ, ಯಾಕಂದ್ರೆ ಅದಕ್ಕೆ ಬೇಕಿರೋ ಬಿಗಿ ಸುಮಾರು 3ರಿಂದ 5 ನ್ಯೂಟನ್ ಮೀಟರ್ ಅಷ್ಟೆ. 7 ಎಂಎಂ ಸಾಕೆಟ್ ತುದಿಗೇ ಕೂಡಿಸಿದ್ದು ತಗೊಳ್ಳಿ. ಸೀಳಿಗೆ ಚಪ್ಪಟೆ ಬಿಟ್ ಹಾಕಿದ್ರೆ ಶಾಫ್ಟ್ ಬಾಗಿದಷ್ಟೂ ಪಕ್ಕಕ್ಕೆ ಒದ್ದು ಜಾರುತ್ತೆ, ಜಾರಿದ್ದು ನೇರ ಹೊಸ ಹೋಸಿಗೇ ಚುಚ್ಚುತ್ತೆ. ಡ್ರಿಲ್ಲಿಗೆ ಹಾಕೋ ಬಾಗುವ ಬಿಟ್ ಎಕ್ಸ್‌ಟೆನ್ಶನ್ ಅಗ್ಗ ಅಂತ ತರಬೇಡಿ. ಎಳೆದಾಗ ತುದಿಯ ಬಿಟ್ ಮ್ಯಾಗ್ನೆಟ್‌ನಿಂದ ಕಳಚಿ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಗೆ ಬಿದ್ರೆ ಹುಡುಕೋದೇ ಒಂದು ಕೆಲಸ.

ಶಾಫ್ಟ್ ಮೇಲೆ ಸುತ್ತದ ಹೊರಕವಚ ಇರೋದು ಉತ್ತಮ. ಎಡಗೈಲಿ ಕವಚ ಹಿಡಿದು ಸಾಕೆಟ್ಟನ್ನ ತಲೆಯ ಮೇಲೆ ನೆಟ್ಟಗೆ ಒತ್ತಿಡಿ, ಬಲಗೈಲಿ ಹಿಡಿ ತಿರುಗಿಸಿ. ಬಳಸು ದಾರಿ ಆದರೂ ಪರವಾಗಿಲ್ಲ, ಶಾಫ್ಟ್ ಚೂಪಾಗಿ ಮಡಚದೆ ದೊಡ್ಡ ಸುತ್ತಲ್ಲಿ ಬಾಗಲಿ.

ಮೂಲೆಬೋಲ್ಟ್:
ಬಿಗಿ ಮಾಡೋಕೆ ಒಪ್ಪಿದೆ. ತುಕ್ಕು ಹಿಡಿದ ಹಳೇ ಕ್ಲಿಪ್ ಬಿಚ್ಚೋಕೆ ಅಲ್ಲ. ಎಡಕ್ಕೆ ಜೋರು ಕೊಟ್ರೆ ಅಗ್ಗದ ಶಾಫ್ಟಿನ ಸುರುಳಿ ಬಿಚ್ಚಿ ಉಬ್ಬುತ್ತೆ, ಆಮೇಲೆ ಅದು ನೆಟ್ಟಗಾಗಲ್ಲ. ಸ್ಕ್ರೂಗೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಕಾಯಿರಿ, ಸಾಕೆಟ್ ಮತ್ತು ಜಾಯಿಂಟ್ ಹಾಕಿ ಒಂದು ಸುತ್ತು ಸಡಿಲ ಮಾಡಿ, ಉಳಿದದ್ದು ಶಾಫ್ಟಲ್ಲಿ.

ಎಂ6ಗೆ ಜಾಯಿಂಟ್. ಅದರ ಕಾಟ ಅಂದ್ರೆ ಜೋತು ಬೀಳೋದು. ಕೀಲಿನ ಮೇಲೆ ಇನ್ಸುಲೇಶನ್ ಟೇಪ್ ಎರಡು ಸುತ್ತು ಹಾಕಿ, ಬಗ್ಗಿಸಿದ ಕೋನದಲ್ಲೇ ನಿಲ್ಲುತ್ತೆ. ಬೋಲ್ಟ್ ಬೀಳದಂತೆ ಸಾಕೆಟ್ ಒಳಗೆ ಚೂರು ಕಾಗದ ಇಟ್ಟು ತಲೆ ಒತ್ತಿ. ಮೊದಲ ಮೂರು ಎಳೆ ರಾಚೆಟ್ ಇಲ್ಲದೆ, ಎಕ್ಸ್‌ಟೆನ್ಶನ್ನನ್ನು ಬೆರಳಲ್ಲೇ ತಿರುಗಿಸಿ. ಅಡ್ಡ ಹತ್ತಿದ್ರೆ ಬೆರಳಿಗೆ ಗೊತ್ತಾಗುತ್ತೆ, ರಾಚೆಟ್‌ಗೆ ಗೊತ್ತಾಗಲ್ಲ.

ಟಾರ್ಕ್ ವ್ರೆಂಚ್ (ಬಿಗಿ ಅಳೆಯೋ ಪಾನಾ) ಹಾಕೋದಾದ್ರೆ ಜಾಯಿಂಟ್ 15 ಡಿಗ್ರಿ ದಾಟದಿರಲಿ. 30 ಡಿಗ್ರಿಯಲ್ಲಿ ವ್ರೆಂಚ್ 10 ನ್ಯೂಟನ್ ಮೀಟರ್ ತೋರಿಸುವಾಗ ಬೋಲ್ಟಿಗೆ ಸೇರೋದು ಕೀಲು ನಿಂತ ಭಂಗಿ ನೋಡಿ 8.7ರಿಂದ 11.5ರವರೆಗೆ ಏರಿಳಿಯುತ್ತೆ.

ಪಾನಾಪೆಟ್ಟಿಗೆ:
ಅಂಗಡೀಲಿ ಬಾಗುವ ಡ್ರೈವರ್ ತಿರುಗಿಸಿ ನೋಡಿದೆ. ಹಿಡಿ ಕಾಲು ಸುತ್ತು ಬಂದ್ರೂ ತುದಿ ಅಲ್ಲಾಡಲಿಲ್ಲ, ಆಮೇಲೆ ತಟ್ಟನೆ ಹಾರಿತು. ದೋಷವಾ?

ತುಕ್ಕುವೈರಿ:
ಅಲ್ಲ, ಶಾಫ್ಟ್ ಸ್ಪ್ರಿಂಗ್ ಥರ ಮುರಿಗೊಳ್ಳುತ್ತೆ. ಅದಕ್ಕೇ ಕೊನೆಯ ಬಿಗಿ ಕೈಗೆ ಸರಿಯಾಗಿ ತಿಳಿಯಲ್ಲ. ಶಾಫ್ಟ್ ಉದ್ದ ಇದ್ದಷ್ಟೂ ಹೆಚ್ಚು, ಹಾಗಾಗಿ ಕೈ ಎಟುಕೋ ಮಟ್ಟಿಗೆ ಗಿಡ್ಡದ್ದು ಸಾಕು. ಕೊನೆಯಲ್ಲಿ ಹಿಡಿ ಬಿಟ್ಟು ನೋಡಿ. ಅದು ತಾನೇ ಹಿಂದಕ್ಕೆ ತಿರುಗಿದ್ರೆ ನೀವು ಕೊಟ್ಟ ಅಷ್ಟೂ ತಿರುವು ಸ್ಕ್ರೂಗೆ ಹೋಗಿಲ್ಲ ಅಂತ.

ರೇಡಿಯೇಟರ್‌ರಾಯ:
ಟೂಲ್ ಕೊಳ್ಳೋ ಮುಂಚೆ ಕ್ಲಿಪ್ಪಿನ ಮುಖ ನೋಡಿ. ಹಳೇದು ಕೂತಿದ್ದ ದಿಕ್ಕಲ್ಲೇ ಹೊಸದು ಕೂಡಿಸಬೇಕಂತೇನಿಲ್ಲ. ಸ್ಕ್ರೂ ತಲೆ ಮೇಲೆ ಅಥವಾ ಪಕ್ಕಕ್ಕೆ ಬರುವಂತೆ ಸುತ್ತಿ ಕೂಡಿಸಿದ್ರೆ ಎಷ್ಟೋ ಸಲ ಉದ್ದ ಎಕ್ಸ್‌ಟೆನ್ಶನ್ ಒಂದೇ ಸಾಕು. ತಲೆ ಮಡಚುವ ರಾಚೆಟ್ ಇಲ್ಲಿಗೆ ಬೇಡ. 72 ಹಲ್ಲಿನದಕ್ಕೂ ಒಂದು ಕ್ಲಿಕ್ಕಿಗೆ 5 ಡಿಗ್ರಿ ಆಡಲು ಜಾಗ ಬೇಕು, ಜೊತೆಗೆ ಸಡಿಲ ಕ್ಲಿಪ್ ಸ್ಕ್ರೂ ರಾಚೆಟ್ ಜೊತೆಗೇ ಹಿಂದೆ ಮುಂದೆ ಆಡುತ್ತೆ, ಕ್ಲಿಕ್ಕೇ ಬೀಳಲ್ಲ.

ಕ್ಲಿಪ್ ಕೂರಬೇಕಾದ್ದು ಪೈಪ್ ತುದಿಯ ಉಬ್ಬು ದಾಟಿ ಒಳಗೆ, ಹೋಸಿನ ಅಂಚಿನಿಂದ 3-5 ಎಂಎಂ ಬಿಟ್ಟು. ಉಬ್ಬಿನ ಮೇಲೇ ಕೂತ್ರೆ ಎಷ್ಟು ಬಿಗಿದ್ರೂ ಒಸರುತ್ತೆ. ಪಟ್ಟಿಯ ತೂತುಗಳಿಂದ ರಬ್ಬರ್ ಉಬ್ಬಿ ಬಂದ್ರೆ ಜಾಸ್ತಿ ಆಯ್ತು, ಅರ್ಧ ಸುತ್ತು ಬಿಡಿ. ಎಲ್ಲಾ ಎಂಜಿನ್ ತಣ್ಣಗಿದ್ದಾಗಲೇ ಮಾಡಿ. ಒಮ್ಮೆ ಪೂರ್ತಿ ಬಿಸಿಯಾಗಿ ಮತ್ತೆ ಆರಿದ ಮೇಲೆ ಕ್ಲಿಪ್‌ಗೆ ಇನ್ನೊಂದು ಸಲ ಡ್ರೈವರ್ ಹಾಕಿ ನೋಡಿ, ಹೊಸ ರಬ್ಬರ್ ಅಮುಕಿಕೊಂಡು ಕಾಲು ಸುತ್ತು ಹಿಡಿಯಬಹುದು.