ವಿಲ್ಲಾ ಕ್ಯಾದರ್ ಪ್ರಕಟಿಸಕೂಡದು ಎಂದಿದ್ದ ಪತ್ರಗಳನ್ನು ಕನ್ನಡಕ್ಕೆ ತರಬಹುದೇ?

ಪ್ರಶ್ನೆ (ಅನುವಾದಕಿ, ಧಾರವಾಡ):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾದಂಬರಿಕಾರ್ತಿ ವಿಲ್ಲಾ ಕ್ಯಾದರ್ ಅವರ ಕೆಲವು ಕತೆಗಳನ್ನು ಎರಡು ವರ್ಷಗಳಿಂದ ಅನುವಾದಿಸುತ್ತಿದ್ದೇನೆ. ನೆಬ್ರಾಸ್ಕಾದ ಬಯಲಿನ ಬಗ್ಗೆ, ಅಲ್ಲಿಗೆ ವಲಸೆ ಬಂದು ಬೇರೂರಿದ ಜೆಕ್ ಮತ್ತು ಸ್ವೀಡಿಷ್ ಕುಟುಂಬಗಳ ಬಗ್ಗೆ ಅವರೇ ಪತ್ರಗಳಲ್ಲಿ ಬರೆದಿರುವ ಮಾತುಗಳಲ್ಲಿ ನಾಲ್ಕೈದನ್ನು ಸಂಕಲನದ ಮುನ್ನುಡಿಯಲ್ಲಿ ಕೊಡಬೇಕೆಂದಿದ್ದೇನೆ. ಆದರೆ 1947ರಲ್ಲಿ ತೀರಿಕೊಂಡ ಕ್ಯಾದರ್, ತಮ್ಮ ಪತ್ರಗಳನ್ನು ಯಾರೂ ಪ್ರಕಟಿಸಕೂಡದೆಂದು ಉಯಿಲಿನಲ್ಲಿಯೇ ಬರೆದಿಟ್ಟಿದ್ದರು. ಅವರು ಪತ್ರಗಳನ್ನೆಲ್ಲ ಸುಟ್ಟುಬಿಟ್ಟರು ಎಂದು ಕಾಲೇಜಿನಲ್ಲಿ ಕೇಳಿದ್ದೆ; ಈಗ ನೋಡಿದರೆ ಸಾವಿರಾರು ಪತ್ರಗಳು ಓದಲು ಸಿಗುತ್ತಿವೆ. ಇವು ಹೇಗೆ ಉಳಿದವು, ಯಾವ ಹಕ್ಕಿನಿಂದ ಹೊರಬಂದವು? ಅದಕ್ಕಿಂತ ಮುಖ್ಯವಾಗಿ, ಬೇಡವೆಂದವರ ಮಾತನ್ನು ಮೀರಿ ನಾನು ಅವುಗಳನ್ನು ಬಳಸುವುದು ಸರಿಯೇ?

ಉತ್ತರ 1 (ನಿವೃತ್ತ ಗ್ರಂಥಪಾಲಕ, ಮೈಸೂರು):

ಮೇಡಂ, ಸುಟ್ಟ ಕತೆಯಲ್ಲಿ ಸ್ವಲ್ಪ ಸತ್ಯವಿದೆ. ಆಪ್ತ ಗೆಳತಿ ಇಸಬೆಲ್ ಮೆಕ್ಲಂಗ್ ಅವರಿಗೆ ಬರೆದವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ. ಆದರೆ ಬರೆದವರ ಮನೆಯಲ್ಲಿ ಪತ್ರ ಇರುವುದಿಲ್ಲ, ಪಡೆದವರ ಮನೆಯಲ್ಲಿ ಇರುತ್ತದೆ ಎಂಬುದನ್ನು ಆ ಕತೆ ಹೇಳಿದವರು ಮರೆತರು. ತಮ್ಮಂದಿರು, ಬಾಲ್ಯದ ಗೆಳತಿಯರು, ಸಂಪಾದಕರು ಜೋಪಾನವಾಗಿಟ್ಟುಕೊಂಡಿದ್ದ 3,000ಕ್ಕೂ ಹೆಚ್ಚು ಪತ್ರಗಳು ಇಂದು ಹತ್ತಾರು ಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ಗೆಳತಿ ಲೂಯಿಸ್ ಪೌಂಡ್ ಅವರಿಗೆ ಬರೆದವು ಡ್ಯೂಕ್ ವಿಶ್ವವಿದ್ಯಾಲಯದಲ್ಲಿವೆ, ಇನ್ನೊಬ್ಬ ಗೆಳತಿ, ಲೇಖಕಿ ಡೊರೊಥಿ ಕ್ಯಾನ್‌ಫೀಲ್ಡ್ ಫಿಶರ್ ಅವರಿಗೆ ಬರೆದವು ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿವೆ. ಕ್ಯಾದರ್ ಅವರ ತಮ್ಮ ರಾಸ್ಕೋನ ಮನೆಯಲ್ಲಿದ್ದ ಪತ್ರಗಳು ಲಿಂಕನ್ ನಗರದ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಬಂದು ಸೇರಿವೆ.

ಉಯಿಲು ತಡೆದದ್ದು ಪ್ರಕಟಣೆಯನ್ನೇ ಹೊರತು ಓದನ್ನಲ್ಲ. ಸಂಶೋಧಕರು ಗ್ರಂಥಾಲಯಕ್ಕೆ ಹೋಗಿ ಓದಬಹುದಿತ್ತು, ಆದರೆ ಒಂದು ವಾಕ್ಯವನ್ನೂ ಉದ್ಧರಿಸುವಂತಿರಲಿಲ್ಲ. ಹೀಗಾಗಿ ಅರ್ಧ ಶತಮಾನಕ್ಕೂ ಮೀರಿ ಜೀವನಚರಿತ್ರೆಕಾರರು ಆ ಪತ್ರಗಳ ಸಾರವನ್ನು ತಮ್ಮ ಮಾತಿನಲ್ಲಿ ಬರೆಯುತ್ತ ಬಂದರು. 2002ರಲ್ಲಿ ಜ್ಯಾನಿಸ್ ಸ್ಟೌಟ್ ಸುಮಾರು 1,800 ಪತ್ರಗಳ ಸೂಚಿಯನ್ನು ಹೊರತಂದಾಗಲೂ ಅದರಲ್ಲಿ ಇದ್ದದ್ದು ಸಾರಾಂಶಗಳೇ. ಉಯಿಲಿನ ನಿರ್ವಾಹಕರಾಗಿದ್ದ ಸೋದರಳಿಯ ಚಾರ್ಲ್ಸ್ ಕ್ಯಾದರ್ 2011ರಲ್ಲಿ ತೀರಿಕೊಂಡ ಮೇಲೆ ಹಕ್ಕು ಹೊಂದಿದ ಸಂಸ್ಥೆಗಳು ಅನುಮತಿ ಕೊಟ್ಟವು. 2013ರಲ್ಲಿ ಆ್ಯಂಡ್ರೂ ಜ್ಯುವೆಲ್ ಮತ್ತು ಸ್ಟೌಟ್ ಸಂಪಾದಿಸಿದ ಆಯ್ದ ಪತ್ರಗಳ ಸಂಪುಟ ಬಂತು. ಅಪ್ರಕಟಿತ ಬರಹಗಳಿಗೆ ಅಮೆರಿಕದ ಕಾನೂನು ಕೊಡುವ ರಕ್ಷಣೆ ಲೇಖಕರ ಮರಣಾನಂತರ 70 ವರ್ಷ. ಆ ಅವಧಿ 2017ರ ಕೊನೆಗೆ ಮುಗಿದ ಮೇಲೆ ವಿಲ್ಲಾ ಕ್ಯಾದರ್ ಆರ್ಕೈವ್ ತನ್ನ ಜಾಲತಾಣದಲ್ಲಿ ಸಮಗ್ರ ಪತ್ರಗಳನ್ನು ಮೂಲಪ್ರತಿಯ ಚಿತ್ರ ಮತ್ತು ಟಿಪ್ಪಣಿಗಳ ಸಮೇತ ಒದಗಿಸತೊಡಗಿತು. 2013ರ ಸಂಪುಟದ ಟಿಪ್ಪಣಿಗಳು ಸಂಪಾದಕರ ಸ್ವಂತ ಬರಹವಾದ್ದರಿಂದ ಅವುಗಳನ್ನು ಮಾತ್ರ ಅನುಮತಿಯಿಲ್ಲದೆ ಅನುವಾದಿಸಬೇಡಿ.

ಉತ್ತರ 2 (ಓದುಗ, ಶಿವಮೊಗ್ಗ):

ಕಾನೂನಿನ ಮಾತು ಒಪ್ಪಿದೆ, ಆದರೆ ಮನಸ್ಸು ಒಪ್ಪುವುದಿಲ್ಲ. ಕ್ಯಾದರ್ ತಮ್ಮ ಕಾದಂಬರಿಗಳನ್ನು ನಾಟಕ, ಸಿನಿಮಾ ಮಾಡಕೂಡದೆಂದೂ ಅದೇ ಉಯಿಲಿನಲ್ಲಿ ಬರೆದವರು. ತಿದ್ದಿ ತೀಡಿ ಒಪ್ಪಿಸಿದ ಬರಹ ಮಾತ್ರ ತಮ್ಮ ಹೆಸರಿನಲ್ಲಿ ಉಳಿಯಲಿ ಎಂಬುದು ಅವರ ಹಟವಾಗಿತ್ತು, ಮತ್ತು ಅಂಥ ಹಟ ಹಿಡಿಯುವ ಹಕ್ಕು ಪ್ರತಿಯೊಬ್ಬ ಲೇಖಕಿಗೂ ಇದೆ. ತಮ್ಮನಿಗೆ ಅವಸರದಲ್ಲಿ ಗೀಚಿದ ಸಾಲುಗಳನ್ನು ಅಪರಿಚಿತರ ಮುಂದೆ ಹರಡುವುದು ನನಗೆ ಸರಿಕಾಣದು. ಮುನ್ನುಡಿಗೆ ಸಾರಾಂಶವಷ್ಟೇ ಸಾಲದೇ?

ಪ್ರಶ್ನೆ ಕೇಳಿದವರು:

ನಿಮ್ಮ ಸಂಕೋಚ ನನ್ನದೂ ಹೌದು, ಅದಕ್ಕಾಗಿಯೇ ಇಲ್ಲಿ ಕೇಳಿದೆ. ಆದರೆ ಸಾರಾಂಶವನ್ನು ನೆಚ್ಚಿಕೊಳ್ಳಲು ನನಗೆ ಭಯವಾಗುತ್ತದೆ, ಏಕೆಂದರೆ ಅದನ್ನು ಅನುವಾದಿಸಿದರೆ ನಡುವೆ ಇಬ್ಬರು ನಿಂತಂತಾಗುತ್ತದೆ.

ಉತ್ತರ 3 (ಇಂಗ್ಲಿಷ್ ಅಧ್ಯಾಪಕಿ, ಮಂಗಳೂರು):

ಶಿವಮೊಗ್ಗದ ಸರ್ ಹೇಳಿದ ಹಕ್ಕನ್ನು ನಾನು ಗೌರವಿಸುತ್ತೇನೆ, ಆದರೂ ಅನುವಾದಕಿಯ ಪರವಾಗಿದ್ದೇನೆ. ನಿಷೇಧದಿಂದ ಕ್ಯಾದರ್ ಅವರ ಖಾಸಗಿತನ ಉಳಿಯಲಿಲ್ಲ. ಅವರ ಬದಲಿಗೆ ಬೇರೆಯವರು ಮಾತನಾಡುವಂತಾಯಿತು. ಒಂದೇ ಪತ್ರವನ್ನು ಓದಿದ ಇಬ್ಬರು ವಿದ್ವಾಂಸರು ಎರಡು ಬಗೆಯ ಸಾರ ಬರೆದಾಗ, ಗ್ರಂಥಾಲಯದವರೆಗೆ ಹೋಗಲಾಗದ ಓದುಗ ಯಾರನ್ನು ನಂಬಬೇಕಿತ್ತು? ಅವರ ಪ್ರೇಮ, ಸಿಟ್ಟು, ಹಣದ ವಿಚಾರಗಳ ಬಗ್ಗೆ ಊಹೆಗಳು ಬೆಳೆದದ್ದು ಈ ಕೊರತೆಯಲ್ಲಿಯೇ.

ಸುಮಾರು ನಾಲ್ಕು ದಶಕ ಜೊತೆಗೆ ಬಾಳಿದ, ಉಯಿಲಿನ ಮೊದಲ ನಿರ್ವಾಹಕರೂ ಆಗಿದ್ದ ಈಡಿತ್ ಲೂಯಿಸ್ ಅವರಿಗೆ 1936ರಲ್ಲಿ ಜಾಫ್ರಿ ಎಂಬ ಊರಿನಿಂದ ಬರೆದ ಪತ್ರವೊಂದು ಉಳಿದಿದೆ. ಸಂಜೆಯ ಆಕಾಶದಲ್ಲಿ ಗುರು ಮತ್ತು ಶುಕ್ರ ಗ್ರಹಗಳನ್ನು ನೋಡುತ್ತ ಕುಳಿತ ಹೊತ್ತಿನ ವಿವರ ಅದರಲ್ಲಿದೆ. 'ಈಡಿತ್‌ಗೆ ಬರೆದ ಪತ್ರ, ಗ್ರಹಗಳ ವರ್ಣನೆ' ಎಂದು ಸೂಚಿಯಲ್ಲಿ ಬರೆದರೆ ಏನು ಉಳಿಯಿತು? ಆ ಪತ್ರದ ಸಲುಗೆಯೆಲ್ಲ ಅದರ ವಾಕ್ಯಗಳ ನಡಿಗೆಯಲ್ಲಿದೆ.

ಒಂದು ಸಲಹೆ: ಬಯಲಿನ ಬಗ್ಗೆ, ಬರವಣಿಗೆಯ ಬಗ್ಗೆ ಇರುವ ಭಾಗಗಳನ್ನೇ ಆರಿಸಿಕೊಳ್ಳಿ, ತಾರೀಖು ಇಲ್ಲದ ಪತ್ರಗಳಿಗೆ ಸಂಪಾದಕರು ಅಂಚೆಮುದ್ರೆ ಮುಂತಾದವನ್ನು ನೋಡಿ ಊಹಿಸಿದ ದಿನಾಂಕವನ್ನು ಊಹೆಯೆಂದೇ ನಮೂದಿಸಿ, ಅವರು ಪ್ರಕಟಣೆ ಬೇಡವೆಂದಿದ್ದರು ಎಂಬ ಸಂಗತಿಯನ್ನು ಮುನ್ನುಡಿಯ ಮೊದಲ ಪುಟದಲ್ಲಿಯೇ ಹೇಳಿಬಿಡಿ.

ಉತ್ತರ 2 (ಓದುಗ, ಶಿವಮೊಗ್ಗ):

ಮೊದಲ ಪುಟದಲ್ಲಿ ಹೇಳುವುದಾದರೆ ನನ್ನ ತಕರಾರು ಅರ್ಧ ಇಳಿಯಿತು. ಉಳಿದರ್ಧ ಹಾಗೆಯೇ ಇರಲಿ. ಪುಸ್ತಕ ಬಂದಾಗ ಖಂಡಿತ ತಿಳಿಸಿ, ಓದುತ್ತೇನೆ.