ಗೊಂಬಿಗೆ ರೊಕ್ಕ ಹಾಕೂದೋ, ರೂಲ್‌ಬುಕ್ಕಿಗೋ? ಭಾನುವಾರದ ಪ್ರಶ್ನೋತ್ತರ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರ ಮಂದಿ ಕೂತು, ದಾಳ ಹಾಕಿ, ಪಾತ್ರಾಗಿ ಕತಿ ಕಟ್ಟೋ ಆಟ; ಪಾತ್ರ ಎಲ್ಲಿ ನಿಂತಾವ ಅಂತ ತೋರಸಾಕ ಸಣ್ಣ ಗೊಂಬಿ ಇಡತಾರ. ಇದು ಅದನ್ನ ಆಡೋ ನಮ್ಮ ಭಾಗದವರ ಗುಂಪು. ಉತ್ತರ ಕೊಡೋ ಅಕ್ಕಾರು ಧಾರವಾಡದಾಗ ಆಟದ ಗೊಂಬಿ ಪ್ರಿಂಟ್ ಮಾಡಿ, ಬಣ್ಣ ಹಚ್ಚೂದನ್ನೇ ಕಸುಬು ಮಾಡ್ಕೊಂಡವರು.

ವಿದ್ಯಾನಗರ: ಅಕ್ಕಾರ, ಐದು ಮಂದಿ ಅದೀವಿ, ಕೈಯಾಗ ಮೂರು ಸಾವಿರ ಐತಿ. ಪುಸ್ತಕ ತರೂದೋ, ಗೊಂಬಿನೋ?

ಅಕ್ಕಾರು: ಸದ್ಯ ಎರಡೂ ಬ್ಯಾಡ. ಆಟದ ಐದನೇ ಆವೃತ್ತಿಯ ಮೂಲ ನಿಯಮ 2023ರಿಂದ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಪರವಾನಗಿಯಾಗ ಪುಕ್ಕಟೆ ಸಿಗತಾವ. ದಾಳದ ಸೆಟ್ ಒಂದು ಕೊಳ್ರಿ. ಹಾಳಿ ಮ್ಯಾಲೆ ಒಂದಿಂಚಿನ ಚೌಕ ಹಾಕ್ರಿ, ಚೌಕಕ್ಕ ಐದಡಿ ಲೆಕ್ಕ. ಗೊಂಬಿ ಬದಲಿ ಬಾಟಲಿ ಮುಚ್ಚಳ. ನಾಕು ತಿಂಗಳಾದ ಮ್ಯಾಲೂ ಐದೂ ಮಂದಿ ಬರತಿದ್ರ, ಆಟ ನಡಸೋರಿಗೆ ಒಂದು ಪುಸ್ತಕ ತರ್ರಿ.

ಕೇಶ್ವಾಪುರ: ಗೊಂಬಿ ತುಟ್ಟಿ ಅಂತ ರೆಸಿನ್ ಪ್ರಿಂಟರ್ ತಂದೆ, ಅಂಟು ದ್ರವಾನ ಬೆಳಕಿನಿಂದ ಗಟ್ಟಿ ಮಾಡಿ ಗೊಂಬಿ ಮಾಡೋ ಯಂತ್ರ. ಮಲಗೋ ಕೋಣಿಯಾಗ ಐತಿ, ಎಸಿಗಂತ ಕಿಟಕಿ ಮುಚ್ಚಿರತೈತಿ. ಪ್ರಿಂಟಾದ ಗೊಂಬಿ ಆಲ್ಕೋಹಾಲಿನಾಗ ತೊಳಿಯಾಕ ಏಳು ವರ್ಷದ ಮಗಳು ಕೈಗೂಡಸತಾಳ. ಎರಡು ವಾರದಿಂದ ನನ್ನ ಬೆರಳಸಂದಿ ಕಡೀತಾವ, ಅದಿರಲಿ. ಗೊಂಬಿ ಅಂಟಂಟು ಯಾಕ ಉಳೀತಾವ?

ಅಕ್ಕಾರು: ಅದಿರಲಿ ಅನ್ನಬ್ಯಾಡ್ರಿ. ಅಂಟಂಟು ಅಂದ್ರ ರೆಸಿನ್ ಪೂರ್ತಿ ಗಟ್ಟಿ ಆಗಿಲ್ಲ. ಹಸಿ ರೆಸಿನ್ನನ್ನ ನೀವಿಬ್ಬರೂ ಬರಿಗೈಲೆ ಮುಟ್ಟಾಕ್ಹತ್ತೀರಿ. ಪ್ರಿಂಟರ್ ಈಗಿಂದೀಗ ಬಂದ್ ಮಾಡ್ರಿ. ಅದು ಮತ್ತ ಮತ್ತ ಚರ್ಮಕ್ಕ ಹತ್ತಿದ್ರ ಅಲರ್ಜಿ ಹುಟ್ಟತೈತಿ, ಒಮ್ಮೆ ಹುಟ್ಟಿದ್ರ ಸಾಮಾನ್ಯವಾಗಿ ಜನ್ಮಪೂರ್ತಿ ಬಿಡೂದಿಲ್ಲ. ಹಲ್ಲು ತುಂಬೋ ಸಾಮಾನೂ ಇದೇ ಅಕ್ರಿಲೇಟ್ ಜಾತೀದು, ಮುಂದ ಅಲ್ಲೂ ತ್ರಾಸ ಆಗಬಹುದು. ನನ್ನ ಕೂಡ ಇದ್ದ ಹುಡುಗ ಗ್ಲೌಸ್ ಇಲ್ಲದ ಪ್ರಿಂಟರಿನ ಪ್ಲೇಟ್ ಕೆರೀತಿದ್ದ. ಮೂರನೇ ತಿಂಗಳಿಗೆ ಬೆರಳತುದಿ ಕಡಕ್ ರೊಟ್ಟಿಯಂಗ ಬಿರಿದ್ವು. ಈಗ ರೆಸಿನ್ ಬಾಟಲಿ ಮುಚ್ಚಳ ತಗದ್ರ ಸಾಕು, ಅವನ ರೆಪ್ಪಿ ಬಾಯ್ತಾವ. ನೈಟ್ರೈಲ್ ಗ್ಲೌಸ್, ಗಾಳಿ ಆಡೋ ಬ್ಯಾರೆ ಜಾಗ, ಇವೆರಡೂ ಆಗೋತನಕ ಮುಟ್ಟಬ್ಯಾಡ್ರಿ. ಮಗಳನ್ನ ಅಲ್ಲಿಗೆ ಬಿಡಲೇಬ್ಯಾಡ್ರಿ.

ಗೋಕುಲ ರೋಡ್: ಒಂದು ಫಾರ್ವರ್ಡ್ ಬಂದೈತಿ ನೋಡ್ರಿ: ‘ರೆಸಿನ್ ಹತ್ತಿದ ಕೈಗೆ ಥಿನ್ನರ್ ಸವರಿ ಬಿಸಿಲಿಗೆ ಹಿಡೀರಿ, ತಾನಾಗೇ ಉದುರತೈತಿ.’

ಅಕ್ಕಾರು: ಯಾರೂ ಮಾಡಬ್ಯಾಡ್ರಿ! ಥಿನ್ನರ್ ಅದನ್ನ ಚರ್ಮದೊಳಗ ಇಳಸತೈತಿ, ಬಿಸಿಲಿಗೆ ಕೈಮ್ಯಾಲೇ ಗಟ್ಟಿಯಾಗಿ ಸುಡತೈತಿ. ಸೋಪು, ನೀರು, ಅಷ್ಟ. ಇನ್ನೊಮ್ಮೆ ಹಾಕಿದ್ರ ಅಳಸತೀನಿ.

ಗದಗ: ಪುಸ್ತಕ ಮೊದಲೋ, ಗೊಂಬಿ ಮೊದಲೋ?

ಅಕ್ಕಾರು: ಮ್ಯಾಲೆ ಓದ್ರಿ.

ನವನಗರ: ಗೊಂಬಿ ಇಲ್ಲದ ಅದೇನ್ ಆಟ? 1974ರ ಮೊದಲ ಪೆಟ್ಟಿಗಿ ಮ್ಯಾಲೇ ಕಾಗದ, ಪೆನ್ಸಿಲ್, ಮಿನಿಯೇಚರ್ (ಇವೇ ಗೊಂಬಿ) ಅಂತ ಬರದಿತ್ತು.

ಸಪ್ತಾಪುರ: ಗೊಂಬಿ ಕಡ್ಡಾಯ ಅಲ್ಲ, ನೋಡಾಕ ಚೆಂದ ಅಷ್ಟ ಅಂತ ಒಳಗಿನ ಪುಸ್ತಕದಾಗೇ ಐತಲ್ಲ. ನೀವು ನಲವತ್ತು ತಂದು ಬಣ್ಣ ಹಚ್ಚಿದ್ದು ಮೂರಕ್ಕ.

ನವನಗರ: ಕದ್ದ ಪಿಡಿಎಫ್ ಓದೋರು ನನ್ನ ರೊಕ್ಕದ ಲೆಕ್ಕ ಕೇಳಬ್ಯಾಡ್ರಿ.

ಸಪ್ತಾಪುರ: ಕದ್ದದ್ದು ಅಂತ ಯಾರು ಹೇಳಿದ್ರು? ಮಾತು ಹಿಡತದಾಗಿರಲಿ.

ಹಾವೇರಿ: ದೊಡ್ಡ ಡ್ರ್ಯಾಗನ್‌ಗೆ ಬಣ್ಣ ಹಚ್ಚಾಕ ಎಷ್ಟ್ ತಗೋತೀರ್ರಿ ಅಕ್ಕಾರ?

ಅಕ್ಕಾರು: ಜಗಳ ಆಮ್ಯಾಲೆ ಮಾಡ್ರಿ. ಕೇಶ್ವಾಪುರದವರ, ಬಂದ್ ಮಾಡಿದ್ರೋ ಇಲ್ಲೋ?

ಗದಗ: ಓದಿದೆ. ಆದ್ರ ನಮ್ಮ ಹತ್ರ ಎರಡೇ ಸಾವಿರ ಐತಿ.

ಅಕ್ಕಾರು: ಉತ್ತರ ಅದೇ.

ಕೇಶ್ವಾಪುರ: ಬಂದ್ ಮಾಡೀನ್ರಿ. ಮಗಳ ಮಣಿಕಟ್ಟಿಗೂ ಕೆಂಪಗ ಎದ್ದೈತಿ, ಈಗ ನೋಡಿದೆ. ಗೊಂಬಿ ತೊಳದ ಆಲ್ಕೋಹಾಲ್ ಬಚ್ಚಲಿಗೆ ಸುರೀಲೇನು?

ಅಕ್ಕಾರು: ಬ್ಯಾಡ. ಡಬ್ಬಿಗೆ ಹಾಕಿ, ಒಲಿಯಿಂದ ದೂರ, ಅಕೀ ಕೈಗೆ ಸಿಗದಂಗ ಇಡ್ರಿ. ನಾಳೆ ಮುಂಜಾನೆ ಇಬ್ಬರೂ ಚರ್ಮದ ಡಾಕ್ಟರ ಹತ್ರ ಹೋಗ್ರಿ, ರೆಸಿನ್ ಬಾಟಲಿ ಲೇಬಲ್ಲಿನ ಫೋಟೋ ಒಯ್ರಿ.

ಹಾವೇರಿ: ಅಕ್ಕಾರ, ಡ್ರ್ಯಾಗನ್ ರೇಟು?